ಮನೆಯ ವೈರಿಂಗ್, ಓದುಗರ ಪ್ರಶ್ನೋತ್ತರ: ಪ್ಲಗ್ ಪಾಯಿಂಟ್ ಕೆಲಸ ನಿಲ್ಲಿಸಿದಾಗ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿವೆ. ನಿನ್ನೆಯವರೆಗೆ ಸರಿಯಾಗಿದ್ದ ಪ್ಲಗ್ ಪಾಯಿಂಟು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದೆ, ಈಗ ಏನು ಮಾಡಬೇಕು ಎಂಬುದು ಎಲ್ಲರ ಕೇಳಿಕೆ. ಉತ್ತರಗಳಿಗೆ ಮೊದಲು ಎಲ್ಲರಿಗೂ ಸೇರಿಸಿ ಒಂದು ಮಾತು ಹೇಳಬೇಕಾಗಿದೆ. ಉಪಕರಣ ಓಡುತ್ತಿಲ್ಲವೆಂದ ಮಾತ್ರಕ್ಕೆ ಆ ಪಾಯಿಂಟಿನಲ್ಲಿ ಕರೆಂಟ್ ಇಲ್ಲವೆಂದು ತಿಳಿಯಬಾರದು. ಅದರ ಒಂದು ತಂತಿಯಲ್ಲಿ, ಕೆಲವೊಮ್ಮೆ ಎರಡರಲ್ಲೂ, ಪೂರ್ತಿ 230 ವೋಲ್ಟ್ ಇರಬಹುದು. ಆದ್ದರಿಂದ ಇಲ್ಲಿ ಓದುಗರಿಗೆ ಹೇಳಿರುವ ಪರೀಕ್ಷೆಗಳೆಲ್ಲ ಬೋರ್ಡಿನ ಮುಚ್ಚಳ ಬಿಚ್ಚದೆ ಹೊರಗಿನಿಂದಲೇ ಮಾಡುವಂಥವು. ಮುಚ್ಚಳ ಬಿಚ್ಚಬೇಕಾದ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಗೇ ಒಪ್ಪಿಸಿ.

ಪ್ರಶ್ನೆ: ನಮ್ಮದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ಹಳೆಯ ಹೆಂಚಿನ ಮನೆ. ಕಳೆದ ವಾರದಿಂದ ನಡುಮನೆಯಲ್ಲೂ ಅದರ ಪಕ್ಕದ ಕೋಣೆಯಲ್ಲೂ ಯಾವ ಪ್ಲಗ್ ಪಾಯಿಂಟೂ ಕೆಲಸ ಮಾಡುತ್ತಿಲ್ಲ, ಅಲ್ಲಿನ ದೀಪ, ಫ್ಯಾನುಗಳೂ ನಿಂತಿವೆ. ಅಡುಗೆಮನೆ ಮತ್ತು ಜಗಲಿಯಲ್ಲಿ ಎಲ್ಲವೂ ಸರಿಯಾಗಿದೆ. ಫ್ಯೂಸ್ ಹೋದಂತೆ ಕಾಣುವುದಿಲ್ಲ. ಟೆಸ್ಟರ್ ಹಾಕಿದರೆ ಸಾಕೆಟ್ಟಿನ ಕೆಳಗಿನ ಎರಡೂ ರಂಧ್ರಗಳಲ್ಲಿ ಉರಿಯುತ್ತದೆ. ಎರಡು ಕಡೆಯೂ ಕರೆಂಟ್ ಇರುವಾಗ ಟಿವಿ ಏಕೆ ಓಡುತ್ತಿಲ್ಲ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಟೆಸ್ಟರ್ ಎರಡೂ ರಂಧ್ರಗಳಲ್ಲಿ ಉರಿಯಿತೆಂದು ಗಮನಿಸಿ ಬರೆದದ್ದು ಬಹಳ ಉಪಕಾರವಾಯಿತು. ನಿಮ್ಮ ಮನೆಯ ಆ ಭಾಗಕ್ಕೆ ಫೇಸ್ ತಂತಿ ಸರಿಯಾಗಿಯೇ ಬರುತ್ತಿದೆ, ಕಡಿದುಹೋಗಿರುವುದು ನ್ಯೂಟ್ರಲ್. ಫೇಸಿನಲ್ಲಿ ಬಂದ ವಿದ್ಯುತ್ತು ಉಪಕರಣವನ್ನು ಹಾದು ನ್ಯೂಟ್ರಲ್ಲಿನಲ್ಲಿ ಹಿಂದಿರುಗಿದರೆ ಮಾತ್ರ ಟಿವಿಯಾಗಲಿ ಫ್ಯಾನಾಗಲಿ ಓಡುತ್ತದೆ. ಕಾಲುವೆಯ ತುದಿಗೆ ಕಟ್ಟೆ ಹಾಕಿದರೆ ನೀರು ಹರಿಯದೆ ಆ ತುದಿಯವರೆಗೂ ಒಂದೇ ಮಟ್ಟಕ್ಕೆ ನಿಲ್ಲುತ್ತದಲ್ಲವೇ, ಇಲ್ಲಿ ನಡೆದಿರುವುದೂ ಅದೇ. ಸ್ವಿಚ್ ಹಾಕಿಯೇ ಬಿಟ್ಟಿರುವ ಯಾವುದೋ ದೀಪದ ಅಥವಾ ಫ್ಯಾನಿನ ಮೂಲಕ ಫೇಸಿನ ವೋಲ್ಟೇಜು ದಾಟಿ ಬಂದು, ಮುಂದೆ ಹೋಗಲು ದಾರಿಯಿಲ್ಲದೆ ನ್ಯೂಟ್ರಲ್ ತಂತಿಯಲ್ಲೂ ನಿಂತುಕೊಂಡಿದೆ. ಟೆಸ್ಟರ್ ತೋರಿಸುವುದು ಆ ಮಟ್ಟವನ್ನೇ ಹೊರತು ಹರಿವನ್ನಲ್ಲ.

ಇದನ್ನು ನೀವೇ ಖಚಿತಪಡಿಸಿಕೊಳ್ಳಬಹುದು. ಆ ಎರಡು ಕೋಣೆಗಳ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಪ್ಲಗ್ಗುಗಳನ್ನೆಲ್ಲ ಕಿತ್ತುಬಿಡಿ. ಬಳಿಕ ಖಾಲಿ ಇರುವ ಒಂದು ಸಾಕೆಟ್ಟಿನ ಸ್ವಿಚ್ಚನ್ನು ಮಾತ್ರ ಹಾಕಿ ಟೆಸ್ಟರ್ ಇಡಿ. ನೀವು ಸಾಕೆಟ್ಟಿಗೆ ಎದುರಾಗಿ ನಿಂತಾಗ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್, ಮೇಲಿನ ದೊಡ್ಡ ರಂಧ್ರ ಅರ್ಥ್. ಈಗ ಬಲಗಡೆ ಮಾತ್ರ ಉರಿದು, ಎಡಗಡೆ ಆರಿಹೋಗಬೇಕು, ಇಲ್ಲವೇ ತೀರಾ ಮಂಕಾಗಬೇಕು. ಕೋಣೆಯ ಫ್ಯಾನಿನ ಸ್ವಿಚ್ಚನ್ನು ಹಾಕಿದ ಕೂಡಲೇ ಎಡಗಡೆಯ ರಂಧ್ರದಲ್ಲೂ ಟೆಸ್ಟರ್ ಹೊತ್ತಿಕೊಂಡರೆ, ನ್ಯೂಟ್ರಲ್ ಕಡಿದಿದೆಯೆಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಈ ದೋಷವನ್ನು ಬೆಳೆಸಿ ಹೇಳುವುದಕ್ಕೆ ಕಾರಣವಿದೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಿಮ್ಮಂಥದೇ ಮನೆಯೊಂದರಲ್ಲಿ, ದೀಪ ಉರಿಯುತ್ತಿಲ್ಲ, ಹಾಗಾಗಿ ಕರೆಂಟೂ ಇಲ್ಲ ಎಂದುಕೊಂಡು, ಕಪ್ಪು ತಂತಿಯಲ್ಲವೇ ಎಂಬ ಧೈರ್ಯದಿಂದ ನ್ಯೂಟ್ರಲ್ ತುದಿಯನ್ನು ಬರಿಗೈಯಲ್ಲಿ ಹಿಡಿದಿದ್ದೆ. ಏಣಿಯಿಂದ ಕೆಳಗೆ ಬಿದ್ದದ್ದರಿಂದಲೇ ತಂತಿ ಕೈಬಿಟ್ಟಿತು. ಅಂದಿನಿಂದ ಮೇನ್ ಸ್ವಿಚ್ಚನ್ನು ನನ್ನ ಕೈಯಾರೆ ಇಳಿಸದೆ, ಇಳಿಸಿದ ಮೇಲೂ ಪರೀಕ್ಷಿಸದೆ, ನಾನು ಯಾವ ಬಣ್ಣದ ತಂತಿಯನ್ನೂ ಮುಟ್ಟಿಲ್ಲ.

ಇನ್ನು ಕಡಿದಿರುವುದು ಎಲ್ಲಿ? ಒಂದು ಬೋರ್ಡಿನಿಂದ ಮುಂದಿನ ಬೋರ್ಡಿಗೆ ತಂತಿಯನ್ನು ದಾಟಿಸುತ್ತಾ ಹೋಗುವುದು ನಮ್ಮಲ್ಲಿಯ ವಾಡಿಕೆ. ಹೀಗಾಗಿ ದೋಷವು ಸಾಮಾನ್ಯವಾಗಿ ಕೆಲಸ ಮಾಡುತ್ತಿರುವ ಕೊನೆಯ ಬೋರ್ಡಿಗೂ ಕೆಲಸ ನಿಲ್ಲಿಸಿದ ಮೊದಲನೆಯ ಬೋರ್ಡಿಗೂ ನಡುವೆ ಇರುತ್ತದೆ. ಎಷ್ಟೋ ಸಲ ಸರಿಯಾಗಿಯೇ ಓಡುತ್ತಿರುವ ಬೋರ್ಡಿನೊಳಗೆ, ಮುಂದಕ್ಕೆ ಹೊರಡುವ ತಂತಿಯ ಸ್ಕ್ರೂ ಸಡಿಲವಾಗಿರುತ್ತದೆ. ಕೆಟ್ಟಿರುವ ಬೋರ್ಡನ್ನೇ ಮತ್ತೆ ಮತ್ತೆ ಬಿಚ್ಚಿ ಜೋಡಿಸುವವರಿಗೆ ಅದು ಸಿಗುವುದೇ ಇಲ್ಲ. ನಿಮ್ಮ ಮನೆಯಲ್ಲಿ ಜಗಲಿಯ ಬೋರ್ಡನ್ನು ಮೊದಲು ನೋಡಲು ಹೇಳಿ.

ಹಳೆಯ ಮನೆಯಾದ್ದರಿಂದ ಇನ್ನೂ ಒಂದು ಸಾಧ್ಯತೆಯನ್ನು ಬಿಡುವಂತಿಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಗಿ, ಕೆಲವು ವರ್ಷಗಳ ಬಳಿಕ ಮೈಸೂರಿಗೂ ಬಂದಿತು. ಆದ್ದರಿಂದ ನಮ್ಮ ಹಳೆಯ ಬಡಾವಣೆಗಳ ಮನೆಗಳಲ್ಲಿ ಎರಡು ಮೂರು ತಲೆಮಾರಿನ ವೈರಿಂಗ್ ಒಂದರ ಪಕ್ಕದಲ್ಲೊಂದು ಉಳಿದುಕೊಂಡಿದೆ: ಮರದ ಕೇಸಿಂಗ್ ಒಳಗಿನ ತಂತಿ, ಬಳಿಕ ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದದ್ದು, ಆಮೇಲೆ ಪಿವಿಸಿ ಪೈಪಿನದು. ಅಂಥ ಕೆಲವು ಮೇನ್ ಬೋರ್ಡುಗಳಲ್ಲಿ ಫೇಸಿಗೆ ಇರುವಂತೆಯೇ ನ್ಯೂಟ್ರಲ್ಲಿಗೂ ಪಿಂಗಾಣಿಯ ಫ್ಯೂಸ್ ಇರುತ್ತದೆ. ನ್ಯೂಟ್ರಲ್ ಕಡೆಯ ಫ್ಯೂಸ್ ಮಾತ್ರ ಹೋದರೆ ನೀವು ವಿವರಿಸಿದ ಪರಿಸ್ಥಿತಿಯೇ ಉಂಟಾಗುತ್ತದೆ: ಏನೂ ಓಡುವುದಿಲ್ಲ, ಎಲ್ಲೆಲ್ಲೂ ಕರೆಂಟ್ ಇರುತ್ತದೆ. ಈಗಿನ ಪದ್ಧತಿಯಲ್ಲಿ ನ್ಯೂಟ್ರಲ್ಲಿಗೆ ಪ್ರತ್ಯೇಕ ಫ್ಯೂಸ್ ಇಡುವುದಿಲ್ಲ. ನಿಮ್ಮಲ್ಲಿ ಅದು ಕಂಡುಬಂದರೆ, ಹೊಸ ಫ್ಯೂಸ್ ತಂತಿ ಕಟ್ಟಿಸಿ ಸುಮ್ಮನಾಗದೆ, ಮೇನ್ ಬೋರ್ಡನ್ನೇ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಮತ್ತು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಬ್ರೇಕರ್) ಇರುವ ಹೊಸ ಬೋರ್ಡಿಗೆ ಬದಲಾಯಿಸಿಕೊಳ್ಳಿ.

ಆ ಕೆಲಸ ನಡೆಯುವಾಗ ಎರಡು ಪಿನ್ನಿನ ಹಳೆಯ ಸಾಕೆಟ್ಟುಗಳಿದ್ದರೆ ಅವುಗಳ ಜಾಗದಲ್ಲಿ ಮೂರು ಪಿನ್ನಿನವು ಬರುತ್ತವೆ. ಅರ್ಥ್ ತಂತಿಯನ್ನು ಹೊಸದಾಗಿ ಎಳೆಯದೆ ಸಾಕೆಟ್ಟನ್ನು ಮಾತ್ರ ಬದಲಾಯಿಸಲು ಒಪ್ಪಬೇಡಿ. ಸಾಕೆಟ್ಟಿನ ಅರ್ಥ್ ಪಿನ್ನಿಗೆ ನ್ಯೂಟ್ರಲ್ಲನ್ನೇ ಸೇರಿಸಿ ಕೆಲಸ ಮುಗಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಆಗಿರುವಂತೆ ಮುಂದೊಂದು ದಿನ ನ್ಯೂಟ್ರಲ್ ಕಡಿದರೆ, ಆಗ ಫ್ರಿಜ್ಜಿನ ಲೋಹದ ಮೈಯೇ 230 ವೋಲ್ಟ್ ಆಗುತ್ತದೆ.

ಪ್ರಶ್ನೆ: ಮಂಡ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಅಡುಗೆಮನೆಯ ಮಿಕ್ಸಿ ಪಾಯಿಂಟಿಗೆ ಕನ್ವರ್ಷನ್ ಪ್ಲಗ್ ಹಾಕಿ 2000 ವಾಟಿನ ಇಂಡಕ್ಷನ್ ಒಲೆಯನ್ನು ಆರು ತಿಂಗಳಿಂದ ಬಳಸುತ್ತಿದ್ದೆವು. ಸಾಕೆಟ್ಟಿನ ಬಲ ರಂಧ್ರದ ಸುತ್ತ ಕಂದು ಬಣ್ಣವಾಗಿ, ಈಗ ಅದು ಪೂರ್ತಿ ನಿಂತಿದೆ. ಎಂಸಿಬಿ ಒಮ್ಮೆಯೂ ಬೀಳಲಿಲ್ಲ. ಅಂಗಡಿಯವರು 16 ಆಂಪಿಯರ್ ಸಾಕೆಟ್ ಕೊಟ್ಟು ಇದನ್ನು ಹಾಕಿಸಿದರೆ ಸಾಕು ಎನ್ನುತ್ತಾರೆ. ಸರಿಯೇ?
– ಗೃಹಿಣಿ, ಮಂಡ್ಯ

ಉತ್ತರ: ಸಾಲದು. ನಿಮ್ಮ ಮನೆಯಲ್ಲಿ ಆಗಿರುವುದು ಸಾಕೆಟ್ಟಿನ ಸವೆತವಲ್ಲ, ನಿಧಾನವಾಗಿ ನಡೆದ ಒಂದು ಸಣ್ಣ ಬೆಂಕಿ ಅನಾಹುತ. ಅದು ಗೋಡೆಯೊಳಗೆ ಎಷ್ಟು ದೂರ ಹೋಗಿದೆಯೆಂದು ನೋಡದೆ ಮೇಲೆ ಹೊಸದನ್ನು ಕೂರಿಸಬಾರದು.

ಲೆಕ್ಕ ಹೀಗಿದೆ. 2000 ವಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್ ಬರುತ್ತದೆ. ಮಿಕ್ಸಿ ಪಾಯಿಂಟು ತಯಾರಾಗಿರುವುದು 6 ಆಂಪಿಯರಿಗೆ. 750 ವಾಟಿನ ಮಿಕ್ಸಿ ಸುಮಾರು ಮೂರೂಕಾಲು ಆಂಪಿಯರ್ ಎಳೆಯುತ್ತದೆ, ಅದೂ ಐದು ನಿಮಿಷಕ್ಕೆ ನಿಲ್ಲುತ್ತದೆ. ಇಂಡಕ್ಷನ್ ಒಲೆಯಾದರೋ ಅನ್ನ, ಸಾರು, ಹಾಲು ಎಂದು ಗಂಟೆಗಟ್ಟಲೆ ಓಡುತ್ತದೆ. ಸಾಕೆಟ್ಟಿನೊಳಗೆ ಪಿನ್ನನ್ನು ಬಿಗಿಹಿಡಿಯುವ ಹಿತ್ತಾಳೆಯ ತಗಡು ಬಿಸಿಯಾಗಿ ಬಿಗುವನ್ನು ಕಳೆದುಕೊಳ್ಳುತ್ತದೆ. ಬಿಗು ಕಡಿಮೆಯಾದಂತೆ ತಾಗುವ ಜಾಗ ಕಿರಿದಾಗಿ ಇನ್ನಷ್ಟು ಬಿಸಿಯಾಗುತ್ತದೆ. ಆ ಒಂದು ತಾಣದಲ್ಲಿ ಓಮಿನ ಹತ್ತನೇ ಒಂದು ಭಾಗದಷ್ಟು ಪ್ರತಿರೋಧ ಹುಟ್ಟಿದರೂ ಅಲ್ಲಿ ಏಳೂವರೆ ವಾಟಿನಷ್ಟು ಶಾಖ ಸತತವಾಗಿ ಏಳುತ್ತದೆ. ಕೇಳುವುದಕ್ಕೆ ಅಲ್ಪ, ಆದರೆ ಅದು ಕಾಳಿನಷ್ಟು ಜಾಗದಲ್ಲಿ, ಗಾಳಿಯಾಡದ ಡಬ್ಬಿಯೊಳಗೆ ಏಳುವ ಶಾಖ. ಕಂದಾದದ್ದು, ಕೊನೆಗೆ ಸುಟ್ಟು ಸಂಪರ್ಕ ಕಡಿದದ್ದು ಹೀಗೆ.

ಎಂಸಿಬಿ ಏಕೆ ಬೀಳಲಿಲ್ಲವೆಂಬ ನಿಮ್ಮ ಆಶ್ಚರ್ಯಕ್ಕೂ ಉತ್ತರ ಇಲ್ಲಿಯೇ ಇದೆ. ಎಂಸಿಬಿ ತನ್ನ ಮೂಲಕ ಹರಿಯುವ ಕರೆಂಟಿನ ಪ್ರಮಾಣವನ್ನು ಮಾತ್ರ ಬಲ್ಲದು. 10 ಆಂಪಿಯರಿನ ಎಂಸಿಬಿ 8.7 ಆಂಪಿಯರನ್ನು ದಿನವಿಡೀ ತಕರಾರಿಲ್ಲದೆ ಬಿಡುತ್ತದೆ. ಅಡುಗೆಮನೆಯ ಗೋಡೆಯಲ್ಲಿ ಒಂದು ಸಾಕೆಟ್ ಬೇಯುತ್ತಿದೆಯೆಂದು ತಿಳಿಯಲು ಅದಕ್ಕೆ ದಾರಿಯಿಲ್ಲ. ಸಡಿಲ ಸಂಪರ್ಕವನ್ನು ಪತ್ತೆಮಾಡುವುದು ನಮ್ಮ ಮೂಗು, ಕೈ, ಕಿವಿಗಳೇ: ಪ್ಲಾಸ್ಟಿಕ್ ಸುಟ್ಟ ಅಥವಾ ಮೀನಿನಂಥ ವಾಸನೆ, ಸ್ವಿಚ್ ಆರಿಸಿ ಕಿತ್ತಾಗ ಬಿಸಿಯೆನಿಸುವ ಪ್ಲಗ್, ಬೋರ್ಡಿನಿಂದ ಬರುವ ಚಿಟಿಚಿಟಿ ಸದ್ದು. ಇವುಗಳಲ್ಲಿ ಯಾವುದೊಂದು ಕಂಡರೂ ಆ ಪಾಯಿಂಟನ್ನು ಅಂದೇ ನಿಲ್ಲಿಸಬೇಕು.

ಇನ್ನು 16 ಆಂಪಿಯರ್ ಸಾಕೆಟ್ಟಿನ ಮಾತು. ಸಾಕೆಟ್ಟಿನ ಮುಖ ದೊಡ್ಡದಾದರೆ ಹಿಂದಿನ ತಂತಿ ದಪ್ಪವಾಗುವುದಿಲ್ಲ. ಮಿಕ್ಸಿ ಪಾಯಿಂಟಿಗೆ ಬಂದಿರುವುದು ಬಹುಮಟ್ಟಿಗೆ ದೀಪ, ಫ್ಯಾನುಗಳ ಸಾಲಿನ 1 ಅಥವಾ 1.5 ಚದರ ಮಿಲಿಮೀಟರ್ ತಂತಿ. ಅದಕ್ಕೆ 16 ಆಂಪಿಯರ್ ಸಾಕೆಟ್ ಹಾಕಿಸಿದರೆ, ನಾಳೆ ಯಾರೋ ನಂಬಿಕೆಯಿಂದ ಗೀಸರನ್ನೂ ಅಲ್ಲಿಗೇ ಸಿಕ್ಕಿಸುತ್ತಾರೆ. ಸರಿಯಾದ ಕ್ರಮವೆಂದರೆ ಎಂಸಿಬಿ ಬೋರ್ಡಿನಿಂದ ಆ ಒಂದು ಪಾಯಿಂಟಿಗಾಗಿಯೇ 2.5 ಅಥವಾ 4 ಚದರ ಮಿಲಿಮೀಟರಿನ ತಾಮ್ರದ ತಂತಿಗಳನ್ನೂ ಅರ್ಥ್ ತಂತಿಯನ್ನೂ ಎಳೆದು, ಪ್ರತ್ಯೇಕ ಎಂಸಿಬಿ ಕೊಡುವುದು. ಹಳೆಯ ಮಿಕ್ಸಿ ಪಾಯಿಂಟು ಮಿಕ್ಸಿಗೇ ಇರಲಿ. ಅಲ್ಲಿ ಹೊಸ 6 ಆಂಪಿಯರ್ ಸಾಕೆಟ್ ಕೂರಿಸುವ ಮೊದಲು, ಕಪ್ಪಾದ ತಂತಿಯ ತುದಿಯನ್ನು ತಾಮ್ರ ಹೊಳೆಯುವಷ್ಟು ಹಿಂದಕ್ಕೆ ಕತ್ತರಿಸಬೇಕು. ಸುಟ್ಟ ತುದಿಯನ್ನೇ ಹೊಸ ಸ್ಕ್ರೂವಿಗೆ ಸಿಕ್ಕಿಸಿದರೆ ಇದೇ ಕಥೆ ಮತ್ತೆ ಮೊದಲಾಗುತ್ತದೆ. ಪಕ್ಕದಲ್ಲಿರುವ ಸ್ವಿಚ್ಚನ್ನೂ ಬದಲಾಯಿಸಿ, ಅದೂ ಅಷ್ಟೇ ಕರೆಂಟನ್ನು ಹೊತ್ತಿದೆ.

ಬಾಡಿಗೆ ಮನೆಯಾದ್ದರಿಂದ ಹೊಸ ತಂತಿ ಎಳೆಸಲು ಮಾಲೀಕರ ಒಪ್ಪಿಗೆ ಬೇಕು. ಸುಟ್ಟ ಸಾಕೆಟ್ಟನ್ನು ಎಸೆಯದೆ ಅವರಿಗೆ ತೋರಿಸಿ. ಎಷ್ಟು ವಿವರಿಸಿದರೂ ಆಗದ ಕೆಲಸ ಅದನ್ನು ಕಣ್ಣಾರೆ ಕಂಡಾಗ ಆಗುತ್ತದೆ. ಅಲ್ಲಿಯವರೆಗೆ ಒಲೆಯನ್ನು ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ಬೇರೆ ಕೋಣೆಯಿಂದ ನಡೆಸುವ ಯೋಚನೆ ಬೇಡ. ದೋಷವನ್ನು ಇನ್ನೊಂದು ಗೋಡೆಗೆ ಒಯ್ದಂತಾಗುತ್ತದೆ.

ಪ್ರಶ್ನೆ: ಹೊಸ ಅಪಾರ್ಟ್‌ಮೆಂಟಿನ ಸಾಕೆಟ್ಟುಗಳಲ್ಲಿ ಟೆಸ್ಟರ್ ಒಳಗೇ ಹೋಗುವುದಿಲ್ಲ, ಹೋದರೂ ಉರಿಯುವುದಿಲ್ಲ. ಕೆಲವು ಎರಡು ಪಿನ್ನಿನ ಚಾರ್ಜರುಗಳೂ ಹೋಗುವುದಿಲ್ಲ. ಮನೆಯವರು ಮೇಲಿನ ರಂಧ್ರಕ್ಕೆ ಸ್ಕ್ರೂಡ್ರೈವರ್ ತುರುಕಿ ಚಾರ್ಜರ್ ಸಿಕ್ಕಿಸುತ್ತಾರೆ. ಸಾಕೆಟ್ಟುಗಳು ಕೆಟ್ಟಿವೆಯೇ?
– ಓದುಗರು, ವಿಜಯನಗರ, ಮೈಸೂರು

ಉತ್ತರ: ಕೆಟ್ಟಿಲ್ಲ. ಮಕ್ಕಳು ಕಡ್ಡಿ, ಮೊಳೆ ತೂರಿಸದಂತೆ ಒಳಗೆ ಪ್ಲಾಸ್ಟಿಕ್ಕಿನ ತೆರೆಯಿದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದವಾದ್ದರಿಂದ ಅದು ಮೊದಲು ಒಳಹೋಗಿ ತೆರೆಯನ್ನು ಸರಿಸುತ್ತದೆ. ಕೆಲವು ಮಾದರಿಗಳಲ್ಲಿ ಎರಡು ಪಿನ್ನುಗಳನ್ನು ಒಟ್ಟಿಗೆ, ನೇರವಾಗಿ ಒತ್ತಿದರೂ ಸರಿಯುತ್ತದೆ. ನಿಮ್ಮ ಟೆಸ್ಟರ್ ಆ ತೆರೆಗೆ ತಗುಲಿ ನಿಲ್ಲುತ್ತಿದೆಯೇ ಹೊರತು ಲೋಹವನ್ನು ಮುಟ್ಟುತ್ತಿಲ್ಲ. ಸ್ಕ್ರೂಡ್ರೈವರ್ ತುರುಕುವ ಅಭ್ಯಾಸವನ್ನು ದಯವಿಟ್ಟು ಇಂದೇ ನಿಲ್ಲಿಸಿ. ಮಕ್ಕಳು ಅದನ್ನು ನೋಡಿ ಕಲಿಯುತ್ತಾರೆ, ಆದರೆ ಯಾವ ರಂಧ್ರ ಯಾವುದೆಂದು ಅವರಿಗೆ ತಿಳಿದಿರುವುದಿಲ್ಲ.

ಟೆಸ್ಟರಿನ ವಿಷಯ ಬಂದದ್ದರಿಂದ ಇನ್ನೆರಡು ಮಾತು. ಅದು ನಮ್ಮ ಮೈಯ ಮೂಲಕ ನೆಲಕ್ಕೆ ಹರಿಯುವ ಅತ್ಯಲ್ಪ ಕರೆಂಟಿನಿಂದ ಉರಿಯುವುದರಿಂದ, ದಪ್ಪ ರಬ್ಬರ್ ಚಪ್ಪಲಿ ತೊಟ್ಟು ಮರದ ಸ್ಟೂಲಿನ ಮೇಲೆ ನಿಂತವರಿಗೆ ಮಂಕಾಗಿ ಕಾಣಬಹುದು. ಬಿಸಿಲು ಬೀಳುವ ಕೋಣೆಯಲ್ಲಿ ಕಾಣದೆಯೂ ಹೋಗಬಹುದು. ಆದ್ದರಿಂದ ಮೊದಲು ಓಡುತ್ತಿರುವ ಸಾಕೆಟ್ಟಿನಲ್ಲಿ, ಬಳಿಕ ಸಂಶಯದ ಸಾಕೆಟ್ಟಿನಲ್ಲಿ, ಮತ್ತೆ ಓಡುತ್ತಿರುವುದರಲ್ಲಿ ಇಟ್ಟು ನೋಡಬೇಕು. ಮನೆಯವರಿಗೆ ಇದಕ್ಕಿಂತ ಸುಲಭವಾದದ್ದು ಪ್ಲಗ್ಗಿಗೇ ಸಿಕ್ಕಿಸುವ ಸಣ್ಣ ರಾತ್ರಿದೀಪ. ಅದು ಉರಿದರೆ ಫೇಸೂ ನ್ಯೂಟ್ರಲ್ಲೂ ಎರಡೂ ಬಂದಿವೆಯೆಂದೇ ಅರ್ಥ. ಬೋರ್ಡಿನ ಫ್ಯಾನು ಓಡುತ್ತಾ ಅದೇ ಬೋರ್ಡಿನ ಸಾಕೆಟ್ಟಿನಲ್ಲಿ ಮಾತ್ರ ಈ ದೀಪ ಉರಿಯದಿದ್ದರೆ ದೋಷ ಆ ಬೋರ್ಡಿನೊಳಗೇ ಇದೆ; ಹೆಚ್ಚಾಗಿ ಅದು ಸಾಕೆಟ್ಟಿನ ಸ್ವಿಚ್ಚು.

ಪ್ರಶ್ನೆ: ದಸರೆಯಲ್ಲಿ ಹಾಲ್‌ನಲ್ಲಿ ಗೊಂಬೆ ಕೂರಿಸಿ, ಕೆಳಗೆ ರಾಗಿ ಪೈರು ಬೆಳೆಸಿ ಪಾರ್ಕ್ ಮಾಡಿ, ಸೀರಿಯಲ್ ಸೆಟ್ ಹಾಕಿದ್ದೆವು. ನಾಲ್ಕನೆಯ ದಿನ ಮನೆಯ ಎಲ್ಲ ಪ್ಲಗ್ ಪಾಯಿಂಟುಗಳೂ ಒಮ್ಮೆಲೇ ನಿಂತವು. ಅಗಲವಾದ, ಟೆಸ್ಟ್ ಎಂಬ ಗುಂಡಿಯಿರುವ ಬ್ರೇಕರ್ ಬಿದ್ದಿತ್ತು. ಎತ್ತಿದರೆ ಮತ್ತೆ ಬೀಳುತ್ತದೆ. ಅದನ್ನು ತೆಗೆಸಿ ನೇರ ಸಂಪರ್ಕ ಕೊಡಿಸಬಹುದೆಂದು ಪರಿಚಿತರೊಬ್ಬರು ಹೇಳಿದ್ದಾರೆ.
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಅದು ಆರ್‌ಸಿಸಿಬಿ. ಫೇಸಿನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್ಲಿನಲ್ಲಿ ಹಿಂದಿರುಗಿತೇ ಎಂದು ಅದು ಸದಾ ತೂಗಿ ನೋಡುತ್ತದೆ. ಮನೆಗಳಲ್ಲಿ ಬಳಸುವ ಮಾದರಿಯಲ್ಲಿ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಕಡಿದುಹಾಕುತ್ತದೆ. ಎಂಸಿಬಿ ತಂತಿಯನ್ನು ಕಾಪಾಡಿದರೆ, ಮನುಷ್ಯರ ಜೀವ ಕಾಯುವುದು ಇದು. ಪಾರ್ಕಿನ ಪೈರಿಗೆ ದಿನವೂ ಚಿಮುಕಿಸಿದ ನೀರು ನೆಲದ ಮೇಲಿಟ್ಟ ಎಕ್ಸ್‌ಟೆನ್ಷನ್ ಬೋರ್ಡಿಗೆ ಇಳಿದಿರಬಹುದು, ಅಥವಾ ಸೀರಿಯಲ್ ಸೆಟ್ಟಿನ ತೆಳುವಾದ ತಂತಿಯ ಹೊದಿಕೆ ಒಡೆದು ಒದ್ದೆ ಮಣ್ಣಿಗೆ ತಾಗಿರಬಹುದು. ಗೊಂಬೆಗಳನ್ನು ಸರಿಪಡಿಸಲು ಒದ್ದೆ ಕೈಯಿಂದ ಬಗ್ಗುವ ಮಗುವನ್ನು ನೆನೆದರೆ ಆ ಬ್ರೇಕರ್ ಏಕೆ ಬಿದ್ದಿತೆಂದು ಹೇಳಬೇಕಾಗಿಲ್ಲ.

ಮೊದಲು ಗೊಂಬೆಯ ಸಾಲಿನ ತಂತಿಗಳನ್ನು ಮುಟ್ಟದೆ, ಎಂಸಿಬಿಗಳನ್ನೆಲ್ಲ ಇಳಿಸಿ, ಆರ್‌ಸಿಸಿಬಿ ಒಂದನ್ನೇ ಎತ್ತಿ. ಬಿದ್ದ ಸನ್ನೆಯನ್ನು ಪೂರ್ತಿ ಕೆಳಗೆ ಒತ್ತಿ ಆಮೇಲೆ ಮೇಲೆತ್ತಬೇಕು. ನಡುವಿನಿಂದ ಎತ್ತಿದರೆ ಕೆಲವು ನಿಲ್ಲುವುದಿಲ್ಲ. ಅದು ಬೀಳದೆ ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬಿದ್ದಿತೋ ಆ ಸಾಲಿನಲ್ಲಿ ಸೋರಿಕೆಯಿದೆ. ಆ ಎಂಸಿಬಿಯನ್ನು ಇಳಿಸಿಯೇ ಇಟ್ಟು, ಅದಕ್ಕೆ ಸೇರಿದ ಪ್ಲಗ್ಗುಗಳನ್ನೆಲ್ಲ ಕಿತ್ತು, ಮತ್ತೆ ಎತ್ತಿ ನೋಡಿ. ಈಗ ನಿಂತರೆ ಗೋಡೆಯ ವೈರಿಂಗಿನಲ್ಲಿ ತಪ್ಪಿಲ್ಲ, ಕಿತ್ತವುಗಳಲ್ಲೇ ಒಂದು ತಪ್ಪಿತಸ್ಥ. ನೀರು ಬಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನು ಒಣಗಿಸಿ ಮತ್ತೆ ಬಳಸುವುದು ನನಗೆ ಒಪ್ಪಿಗೆಯಿಲ್ಲ, ಹೊಸದನ್ನೇ ತನ್ನಿ. ಎಲ್ಲ ಎಂಸಿಬಿಗಳನ್ನು ಇಳಿಸಿ, ಪ್ಲಗ್ಗುಗಳನ್ನೆಲ್ಲ ಕಿತ್ತ ಮೇಲೂ ಆರ್‌ಸಿಸಿಬಿ ನಿಲ್ಲದಿದ್ದರೆ ನ್ಯೂಟ್ರಲ್ ತಂತಿ ಎಲ್ಲೋ ಅರ್ಥ್‌ಗೆ ತಾಗಿರಬಹುದು ಅಥವಾ ಆರ್‌ಸಿಸಿಬಿಯೇ ಕೆಟ್ಟಿರಬಹುದು. ಅದು ಎಲೆಕ್ಟ್ರಿಷಿಯನ್ ಕೆಲಸ.

ಪ್ರಶ್ನೆ: ಮದ್ದೂರಿನ ಹತ್ತಿರ ನಮ್ಮದು ತ್ರೀ ಫೇಸ್ ಸಂಪರ್ಕವಿರುವ ಮನೆ. ಮಳೆಗಾಳಿಯ ಮರುದಿನ ಮನೆಯ ಒಂದು ಭಾಗದ ಪ್ಲಗ್ ಪಾಯಿಂಟುಗಳು, ದೀಪಗಳು ನಿಂತಿವೆ, ಉಳಿದ ಭಾಗ ಎಂದಿನಂತಿದೆ. ಯಾರನ್ನು ಕರೆಯಬೇಕು?
– ರೈತರು, ಮಂಡ್ಯ ಜಿಲ್ಲೆ

ಉತ್ತರ: ಮೊದಲು ನಿಮ್ಮ ಎಂಸಿಬಿಗಳನ್ನು ನೋಡಿ. ಅವೆಲ್ಲ ಮೇಲಿದ್ದು, ಮೂರು ಫೇಸ್‌ಗಳಲ್ಲಿ ಒಂದಕ್ಕೆ ಸೇರಿದ ಸಾಲುಗಳು ಮಾತ್ರ ನಿಂತಿದ್ದರೆ, ಕಂಬದಲ್ಲೋ ಟ್ರಾನ್ಸ್‌ಫಾರ್ಮರಿನಲ್ಲೋ ಒಂದು ಫೇಸ್ ಹೋಗಿರುವ ಸಂಭವವೇ ಹೆಚ್ಚು. ಅಕ್ಕಪಕ್ಕದ ಮನೆಗಳಲ್ಲಿಯೂ ಕೇಳಿ ನೋಡಿ. ನಿಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವ ಸೆಸ್ಕ್‌ನ 1912 ಸಂಖ್ಯೆಗೆ ಕರೆ ಮಾಡಿ, ಒಂದು ಫೇಸ್ ಬರುತ್ತಿಲ್ಲವೆಂದು ಸ್ಪಷ್ಟವಾಗಿ ಹೇಳಿ. ಕರೆಂಟ್ ಇಲ್ಲ ಎಂದಷ್ಟೇ ಹೇಳುವುದಕ್ಕಿಂತ ಅದು ಲೈನ್‌ಮನ್‌ಗೆ ಹೆಚ್ಚು ಉಪಯುಕ್ತ. ಮೀಟರಿನ ಸೀಲನ್ನಾಗಲಿ ಅದರ ಹಿಂದಿನ ತಂತಿಯನ್ನಾಗಲಿ ನೀವೂ ನಿಮ್ಮ ಎಲೆಕ್ಟ್ರಿಷಿಯನ್ನೂ ಮುಟ್ಟುವಂತಿಲ್ಲ. ಮೂರು ಫೇಸೂ ಬರುವವರೆಗೆ ಪಂಪ್ ಮೋಟಾರನ್ನು ಚಾಲೂ ಮಾಡಬೇಡಿ, ಎರಡೇ ಫೇಸಿನಲ್ಲಿ ಅದರ ಸುರುಳಿ ಸುಟ್ಟುಹೋಗುತ್ತದೆ.

ಆದರೆ ಒಂದು ಕೋಣೆಯ ದೀಪ ಮಂಕಾಗಿ, ಇನ್ನೊಂದು ಕೋಣೆಯದು ಎಂದಿಗಿಂತ ಪ್ರಖರವಾಗಿ ಉರಿಯುತ್ತಿದ್ದರೆ, ಅಥವಾ ಫ್ಯಾನು ವಿಪರೀತ ವೇಗದಲ್ಲಿ ತಿರುಗುತ್ತಿದ್ದರೆ, ಹೋಗಿರುವುದು ಫೇಸ್ ಅಲ್ಲ, ಕಂಬದಿಂದ ಬರುವ ನ್ಯೂಟ್ರಲ್. ಆಗ ಕೆಲವು ಸಾಕೆಟ್ಟುಗಳಲ್ಲಿ ವೋಲ್ಟೇಜು 230ನ್ನು ದಾಟಿ 400ರ ಕಡೆಗೆ ಏರಬಲ್ಲದು. ಕರೆ ಮಾಡುವುದಕ್ಕೂ ಮೊದಲು ಮೇನ್ ಸ್ವಿಚ್ಚನ್ನು ಇಳಿಸಿ, ಟಿವಿ, ಫ್ರಿಜ್, ಚಾರ್ಜರುಗಳ ಪ್ಲಗ್ಗನ್ನು ಕೀಳಿ. ಲೈನ್‌ಮನ್ ಸರಿಪಡಿಸಿ ಹೋದ ಮೇಲೆ ಮೇನ್ ಎತ್ತಿ, ಮೂರು ಫೇಸ್‌ಗಳಿಗೂ ಸೇರಿದ ಒಂದೊಂದು ದೀಪವನ್ನು ಕೆಲವು ನಿಮಿಷ ಉರಿಸಿ ನೋಡಿ. ಮೂರೂ ಒಂದೇ ಸಮನಾಗಿ ಉರಿದರೆ ಆಮೇಲೆ ಫ್ರಿಜ್ಜನ್ನು ಸಿಕ್ಕಿಸಬಹುದು.